ಬದುಕಿ ಬಂದವಳು

ದೇವದುರ್ಗ
ಮಂಗಳವಾರ

ವಂದನೀಯ ಫಾದರ್ ಅವರಿಗೆ ಉಪದೇಶಿ ಜ್ಞಾನಮ್ಮನ ನಮಸ್ಕಾರಗಳು.

ಮೊನ್ನೆ ಭಾನುವಾರ ಪೂಜೆಯಾದ ಮೇಲೆ ನಮ್ಮ ಯುವತಿಯರಿಗೆ ಒಬ್ಬ ಕನ್ಯಾ ಸಂತಳ ಕಥೆ ಹೇಳಿದೆ. ಮೈ ಮುಟ್ಟಲು ಬಂದವನಿಗೆ ಒಪ್ಪದೆ ಆಕೆ ಪ್ರಾಣವನ್ನೇ ಕೊಟ್ಟಳು, ಅದಕ್ಕೇ ಪರಿಶುದ್ಧಳಾಗಿ ಉಳಿದಳು ಎಂದು ಪ್ರತಿ ವರ್ಷ ಹೇಳುವಂತೆಯೇ ಹೇಳಿದೆ. ಎಲ್ಲರೂ ಎದ್ದು ಹೋದರು. ಮಸರಕಲ್ಲಿನ ಸುಗುಣಾ ಮಾತ್ರ ಚಾಪೆ ಸುತ್ತುತ್ತ ಕೇಳಿದಳು:

"ಅಕ್ಕಾರ, ಆಕಿ ಸತ್ತು ಸಂತಳಾದ್ಳು. ಸಾಯಲಾರದ, ಬದುಕಿ ಮನಿಗೆ ಬಂದಾಕಿ ಏನಾಗ್ತಾಳ್ರೀ?"

ನಾನು ಯೋಚಿಸದೆ "ಪಾಪನಿವೇದನಿ ಮಾಡ್ಕೋವಾ, ದೇವರು ಕ್ಷಮಿಸ್ತಾನ" ಅಂದುಬಿಟ್ಟೆ.

ಅವಳು ಚಾಪೆಯನ್ನು ಗೋಡೆಗೆ ಒರಗಿಸಿ, ಚಪ್ಪಲಿ ಮೆಟ್ಟಿಕೊಂಡು ಹೋದಳು. ತಿರುಗಿ ನೋಡಲಿಲ್ಲ.

ಮಾನ್ವಿಯ ಹತ್ತಿ ಮಿಲ್ಲಿನ ಕೆಲಸವನ್ನು ಅರ್ಧಕ್ಕೇ ಬಿಟ್ಟು ಅವಳು ಊರಿಗೆ ಬಂದಾಗ, ಯಾಕೆ ಬಂದೆಯೆಂದು ನಾನು ಕೇಳಿರಲಿಲ್ಲ. ಆ ಬಿಸಿಲಿನಲ್ಲೂ ಉದ್ದ ತೋಳಿನ ಕುಪ್ಪಸ ಯಾಕೆಂದೂ ಕೇಳಲಿಲ್ಲ. ಅವಳು ಕೇಳಿದ್ದು ತನ್ನ ಬಗ್ಗೆಯೇ ಎಂದು ನನಗೆ ತಿಳಿದದ್ದು ಮನೆಗೆ ಬಂದು ಒಲೆ ಹಚ್ಚಿದ ಮೇಲೆ.

ಫಾದರ್, ನಾನು ಹೇಳಿದ ಮಾತನ್ನು ಸುಗುಣಾ ಎಂದೂ ಮೀರಿದವಳಲ್ಲ. ಶನಿವಾರ ಪಾಪನಿವೇದನೆಗೆ ಬಂದೇ ಬರುತ್ತಾಳೆ. ದಯವಿಟ್ಟು ಅವಳಿಗೆ ಕ್ಷಮೆ ಕೊಡಬೇಡಿ. ಕ್ಷಮಿಸುವಂಥದ್ದು ನಿನ್ನಲ್ಲಿ ಏನೂ ಇಲ್ಲವೆಂದು, ಅವಳಿಗೆ ಸರಿಯಾಗಿ ಕೇಳಿಸುವ ಹಾಗೆ ಹೇಳಿ ಕಳಿಸಿ.

ಸಾಲಿನಲ್ಲಿ ಅವಳ ಹಿಂದೆಯೇ ನಾನು ನಿಂತಿರುತ್ತೇನೆ. ಆ ಕ್ಷಮೆ ನನಗಿರಲಿ.

ಇಂತಿ,
ಜ್ಞಾನಮ್ಮ