ಮುಟ್ಟ ಎಂಬ ಮೊದಲ ಮಾತು

6 ಆಗಸ್ಟ್ 2007, ಸೋಮವಾರ. ಆಲುವ

ವಾರಾಂತ್ಯ ಮನೆಯಲ್ಲಿ ಕಳೆದು ಬೆಳಿಗ್ಗೆ ಬಂದು ಇಳಿದೆ. ಮತ್ತೆ ಅದೇ ರೂಮು, ಅದೇ ಪುಟ್ಟು-ಕಡಲೆ ತಿಂಡಿ, ಅದೇ ಕೊಚ್ಚಿ ಆಫೀಸಿನ ಬಸ್ಸು. ಲಾಗಿನ್ ಆದ ಕೂಡಲೇ ಚಾಟ್ ವಿಂಡೋ ತೆರೆದೆ. ಅತ್ತ ಕಳಕ್ಕೂಟಂನ ತನ್ನ ಆಫೀಸಿನಲ್ಲಿ ಹೆಂಡತಿ ರಮ್ಯಾಳ ಹಸಿರು ದೀಪ ಹತ್ತುವವರೆಗೆ ನನಗೆ ಕೆಲಸ ಸಾಗುವುದಿಲ್ಲ.

ಮಗಳು ಸಿಂಚನಾಳ ಮೊದಲ ಹಲ್ಲು ಮೂಡಿದ್ದು ಈ ವಿಂಡೋದಲ್ಲಿ. ಮೊದಲ ಹೆಜ್ಜೆಯೂ ಇಲ್ಲೇ. "ಅಭೀ!!! ನಡೆದ್ಬಿಟ್ಲು ಕಣೋ!!!" ನಾನಾಗ ಕ್ಲೈಂಟ್ ಕಾಲ್‌ನಲ್ಲಿದ್ದೆ. ಮ್ಯೂಟ್ ಮಾಡಿ, ಟಾಯ್ಲೆಟ್ಟಿಗೆ ಹೋಗಿ ಕುಣಿದು ಬಂದೆ. ಯಾವ ಸ್ಟಾರ್‌ಗೂ ಇಂಥ ಫ್ಯಾನ್ ಇರಲಿಕ್ಕಿಲ್ಲ. ಒಂದೂ ಫಸ್ಟ್ ಶೋ ನೋಡದ ಫ್ಯಾನ್ :(

ಇನ್ನು ಉಳಿದಿರುವುದು ಮಾತು. ಒಂದೂವರೆ ವರ್ಷ ದಾಟಿತು. ಬರೀ ಗುಳುಗುಳು. ಅದನ್ನಾದರೂ ನಾನೇ ಮೊದಲು ಕೇಳಬೇಕು. ಕನ್ನಡದಲ್ಲೇ ಕೇಳಬೇಕು. ಹಗಲೆಲ್ಲ ಅವಳು ಪಕ್ಕದ ಫ್ಲ್ಯಾಟಿನ ಮೇರಿ ಚೇಚಿಯ, ಅಂದರೆ ಮೇರಿ ಅಕ್ಕನ, ಹತ್ತಿರ. ಅವರಿಗೆ ಮಲಯಾಳಂ ಬಿಟ್ಟು ಬೇರೆ ಬಾರದು. ಹೆದರಿಕೆ ಅದೇ.

8 ಆಗಸ್ಟ್, ಬುಧವಾರ

ಬಂತು!!! ಮತ್ತೆ ವಿಂಡೋದಲ್ಲೇ.

ರಮ್ಯಾ: ಅಭಿ, ಇದೀಯಾ? ಮಾತಾಡಿದ್ಲು!
ನಾನು: ಏನಂದ್ಲು?? ಬೇಗ
ರಮ್ಯಾ: ಮುಟ್ಟ
ನಾನು: ???
ರಮ್ಯಾ: ಬೆಳಿಗ್ಗೆ ಕುಕ್ಕರ್ ಕಡೆ ಕೈ ಚಾಚಿದ್ಲು. ನಾನು ಬಾಯಿ ಬಿಡೋಕ್ ಮುಂಚೆ ಅವಳೇ 'ಮುಟ್ಟ' ಅಂದ್ಲು. ಪೊಲೀಸ್ ಥರ ಮುಖ ಮಾಡ್ಕೊಂಡು

ಗೊತ್ತಾಯಿತು. ಇಡೀ ದಿನ ನಾವು ಅವಳಿಗೆ ಹೇಳುವುದು ಅದೊಂದೇ. ಟೀವಿ ಮುಟ್ಟಬೇಡ. ಇಸ್ತ್ರಿ ಮುಟ್ಟಬೇಡ. ಜಾಣೆ, ತನಗೆ ಬೇಡದ 'ಬೇಡ'ವನ್ನು ಬಿಟ್ಟು ಉಳಿದದ್ದನ್ನು ಇಟ್ಟುಕೊಂಡಿದ್ದಾಳೆ. ಅಪ್ಪಟ ಕನ್ನಡ! ಆರ್ಕುಟ್‌ನಲ್ಲಿ ಹಾಕಿದೆ. ಗೆಳೆಯರ ಸ್ಕ್ರ್ಯಾಪ್‌ಗಳ ಮಳೆ.

12 ಆಗಸ್ಟ್, ಭಾನುವಾರ. ಕಳಕ್ಕೂಟಂ

ಲೈವ್ ಕೇಳಿದೆ. ಕೈ ಚಾಚುತ್ತಾಳೆ, ಬೆರಳು ಬಿಡಿಸುತ್ತಾಳೆ, 'ಮುಟ್ಟ' ಅಂತ ಘೋಷಿಸುತ್ತಾಳೆ. ಆಮೇಲೆ ಮುಟ್ಟುತ್ತಾಳೆ. ನನ್ನ ಚಪ್ಪಲಿ, ಮುಟ್ಟ. ನೀರಿನ ಬಕೆಟ್, ಮುಟ್ಟ. ನನ್ನ ಕನ್ನಡಕ ಎಂದರೆ ಅವಳಿಗೆ ಪ್ರಾಣ. ಪ್ರತಿ ಸಲವೂ ಚಪ್ಪಾಳೆ ತಟ್ಟಿದೆ. ನನ್ನ ಚಪ್ಪಾಳೆಗಾಗಿಯೇ ಮತ್ತೆ ಹೇಳಿದಳು. ಕನ್ನಡಕದ ಗಾಜಿನ ತುಂಬ ಅವಳ ಬೆರಳಚ್ಚು. ಒರೆಸಿಲ್ಲ.

ಸಂಜೆ ಮೇರಿ ಚೇಚಿ ಬಂದರು. ಮಗು ಅವರ ಕೈಬಳೆಗೆ ಕೈ ಚಾಚಿ 'ಮುಟ್ಟ' ಅಂದಿತು. ಚೇಚಿ ನಕ್ಕುಬಿಟ್ಟರು. "ಮೋಳ್ ಎಪ್ಪೋಳುಂ ಮುಟ್ಟ ಚೋದಿಕ್ಕುಂ!" ಮಗಳು ಯಾವಾಗಲೂ ಮುಟ್ಟ ಕೇಳುತ್ತಾಳಂತೆ. ಮಲಯಾಳಂನಲ್ಲಿ ಮುಟ್ಟ ಎಂದರೆ ಮೊಟ್ಟೆ.

ನಾನೂ ನಕ್ಕೆ. ರಮ್ಯಾ ನಗಲಿಲ್ಲ.

ಮೊದಲ ಹುಟ್ಟುಹಬ್ಬದ ಕೇಕ್ ನೆನಪಾಗಿರಬೇಕು. ಒಂದೇ ತುಣುಕಿಗೆ ಮಗುವಿನ ತುಟಿ ಊದಿತ್ತು, ಮೈಯೆಲ್ಲ ದದ್ದು. ಮೊಟ್ಟೆ ಆಗುವುದಿಲ್ಲ, ಇನ್ನೊಂದು ಸಲ ಇದಕ್ಕಿಂತ ಜೋರಾಗಬಹುದು ಎಂದು ಡಾಕ್ಟರ್ ಅಂದೇ ಹೇಳಿದ್ದರು.

ಚೇಚಿ ಹೋದ ಮೇಲೆ ಶುರುವಾಯಿತು.

"ಈ ಮಾತು ಬಿಡ್ಸೋಣ ಅಭಿ."

"ಹುಚ್ಚಾ ನಿಂಗೆ? ಇರೋದೇ ಒಂದು ಮಾತು!"

"ಇರೋ ಒಂದು ಮಾತಲ್ಲಿ ಮೊಟ್ಟೆ ಕೇಳ್ತಾಳೆ."

"ಮೇರಿ ಚೇಚಿಗೆ ಗೊತ್ತಲ್ಲ, ಕೊಡಬಾರ್ದು ಅಂತ."

"ಅವರಿಗೆ ಗೊತ್ತು. ಈ ಊರಿಗೆಲ್ಲ ಗೊತ್ತಾ?"

"ಫಸ್ಟ್ ಮಾತು ಕಣೇ. ನಮ್ಮ ಮಾತು. ಸಾಯಿಸ್ಬೇಡ ಅದನ್ನ."

"ನಿಂಗೇನಪ್ಪ, ವಾರಕ್ಕೊಂದು ಶೋ. ಗೇಟ್ ಕಾಯೋಳು ನಾನು."

ಬ್ಯಾಗ್ ಎತ್ತಿಕೊಂಡೆ. ರೈಲಿಗೆ ಹೊತ್ತಾಗಿತ್ತು.

16 ಆಗಸ್ಟ್, ಗುರುವಾರ. ಆಲುವ

ಚಾಟ್ ತಣ್ಣಗಿದೆ. ರಮ್ಯಾ ಬರೆದದ್ದು ಒಂದೇ ಸಾಲು: 'ಬೇಡ' ಕಲಿಸ್ತಿದೀನಿ, ಒಪ್ತಿಲ್ಲ. ನಾನೊಂದು ಸ್ಮೈಲಿ ಹಾಕಿದೆ.

ಸಂಜೆ ಫೋನ್ ಮಾಡಿದಾಗ ಮಗು ಫೋನಿಗೇ 'ಮುಟ್ಟ' ಅಂದಿತು. ತಡೆಯಲಾಗಲಿಲ್ಲ. "ಮುಟ್ಟ! ಮುಟ್ಟ! ಇನ್ನೊಂದ್ಸಲ ಬಂಗಾರಿ!" ಅಂತ ಇತ್ತಲಿಂದ ಕೂಗಿದೆ. ರಮ್ಯಾ ಫೋನ್ ಕಿತ್ತುಕೊಂಡಳು. "ನಾನಿಲ್ಲಿ ಅಳಿಸ್ತಿದೀನಿ, ನೀನಲ್ಲಿ ಬರೀತಿದೀಯ." ಕಟ್.

22 ಆಗಸ್ಟ್, ಬುಧವಾರ. ರೈಲಿನಲ್ಲಿ

ಬರೆಯುವುದು ಕಷ್ಟ. ಬರೆಯದಿದ್ದರೆ ಇನ್ನೂ ಕಷ್ಟ.

ಮಧ್ಯಾಹ್ನ ಚಾಟ್‌ನಲ್ಲಿ ಮೂರು ತುಂಡು. 'ಮೊಟ್ಟೆ ತಿಂದಿದಾಳೆ.' 'ಚೇಚಿ ಆಟೋದಲ್ಲಿ ಆಸ್ಪತ್ರೆಗೆ ಕರ್ಕೊಂಡ್ ಹೋಗ್ತಿದಾರೆ, ನಾನೂ ಹೊರಟೆ.' 'ಬಾ.' ಹಸಿರು ದೀಪ ಆರಿತು.

ಆಲುವಕ್ಕೆ ಹೇಗೆ ಬಂದೆನೋ. ಓಣಂ ರಶ್. ಬಾಗಿಲ ಹತ್ತಿರ ಬ್ಯಾಗಿನ ಮೇಲೆ ಕೂತಿದ್ದೇನೆ.

ಒಮ್ಮೆ ಲೈನ್ ಸಿಕ್ಕಿತು. "ಉಸಿರು ಸುಯ್ ಅಂತಿದೆ ಅಭಿ. ಇಂಜೆಕ್ಷನ್ ಕೊಟ್ರು. ನೋಡ್ಬೇಕಂತೆ." "ಏನ್ ನೋಡ್ಬೇಕಂತೆ?" ರೇಂಜ್ ಹೋಯಿತು.

ಕೊಲ್ಲಂ ದಾಟಿದರೂ ರೇಂಜ್ ಇಲ್ಲ. ಚಪ್ಪಾಳೆ ತಟ್ಟಿದ ಕೈ ಇದೇ.

ಕಳಕ್ಕೂಟಂ ಬಂತು. ಆಸ್ಪತ್ರೆ ಇಲ್ಲೇ, ಸ್ಟೇಷನ್ನಿನ ಹಿಂದಿನ ರಸ್ತೆ. ನಮ್ಮ ರೈಲಿಗೆ ಇಲ್ಲಿ ಸ್ಟಾಪ್ ಇಲ್ಲ. ಹೆಸರಿನ ಬೋರ್ಡ್ ಕಣ್ಣೆದುರೇ ಹಿಂದಕ್ಕೆ ಓಡಿತು. ಬಾಗಿಲಿಗೆ ಎದ್ದು ಬಂದ ನನ್ನ ಅಂಗಿಯನ್ನು ಹಿಂದಿನಿಂದ ಯಾರೋ ಹಿಡಿದರು. "ಎಂದಾ ಮೋನೇ, ಚಾಡಾನೋ?" ಹಾರ್ತೀಯೇನಪ್ಪಾ ಎಂದು. ಗೊತ್ತಿಲ್ಲ, ಹಾರುತ್ತಿದ್ದೆನೇನೋ. ತಿರುವನಂತಪುರದಲ್ಲಿ ಇಳಿದು ಆಟೋದಲ್ಲಿ ವಾಪಸ್ ಬರಬೇಕು…

23 ಆಗಸ್ಟ್, ಬೆಳಿಗ್ಗೆ. ಆಸ್ಪತ್ರೆ

ಉಸಿರು ಸರಿಯಾಗಿದೆ. ಮೊದಲು ಅದನ್ನು ಬರೆಯಬೇಕು. ಉಸಿರು ಸರಿಯಾಗಿದೆ.

ನಿನ್ನೆ ಆದದ್ದು ಇಷ್ಟು. ಮೇರಿ ಚೇಚಿಯ ಅತ್ತೆ, ಎಲ್ಲರೂ ಅಮ್ಮಚ್ಚಿ ಎನ್ನುವವರು, ವಿಳಿಂಜಂನಿಂದ ಬಂದಿದ್ದರು. ಚೇಚಿ ಟೆರೇಸಿನಲ್ಲಿ ಬಟ್ಟೆ ಒಣಹಾಕುತ್ತಿದ್ದಾಗ ಅಮ್ಮಚ್ಚಿ ಊಟಕ್ಕೆ ಕೂತರು. ತಟ್ಟೆಯಲ್ಲಿ ಬೇಯಿಸಿದ ಮೊಟ್ಟೆ. ನಮ್ಮವಳು ಹೋಗಿ ಕೈ ಚಾಚಿ, ಬೆರಳು ಬಿಡಿಸಿ ಹೇಳಿದಳು. ಅವಳಿಗೆ ಬರುವುದು ಅದೊಂದೇ ಮಾತು.

ಅಮ್ಮಚ್ಚಿ ನಿನ್ನೆ ವಾರ್ಡಿನ ಹೊರಗೆ ಬೆಂಚಿನ ಮೇಲೆ ಮುದುಡಿಕೊಂಡಿದ್ದರು. "ಕೊಚ್ಚು ಚೋದಿಚ್ಚದಲ್ಲೇ ಮೋನೇ," ಎಂದರು. ಮಗು ಕೇಳಿತಲ್ಲಪ್ಪಾ, ಎಂದು. ಬಾಯಿಬಿಟ್ಟು ಕೇಳಿದ ಮಗುವಿಗೆ ಇಲ್ಲ ಎನ್ನುವವರು ಯಾರು? ಅವರ ಕೈ ಹಿಡಿದುಕೊಂಡೆ. ನನಗೆ ಬರುವ ಮಲಯಾಳಂನಲ್ಲಿ "ಸಾರಮಿಲ್ಲ" ಎಂದೆ, ಪರವಾಗಿಲ್ಲ ಎಂದು. ಇನ್ನೇನು ಹೇಳಲಿ.

ರಮ್ಯಾ ಒಂದು ಮಾತೂ ಬೈಯಲಿಲ್ಲ. "ನೀನೇ ಬಿಡ್ಸು," ಎಂದಳು. "ನಿನ್ನ ಮಾತೇ ಅವಳು ಕೇಳೋದು." ಕುರ್ಚಿಯಲ್ಲೇ ನಿದ್ದೆ ಹೋಗಿದ್ದಾಳೆ ಈಗ.

ಮಗುವಿಗೆ ಎಚ್ಚರವಾಯಿತು. ರೆಪ್ಪೆ ಇನ್ನೂ ದಪ್ಪ. ನನ್ನನ್ನು ಕಂಡು ನಕ್ಕಳು. ಕನ್ನಡಕದ ಕಡೆ ಕೈ ಚಾಚಿದಳು, ಸೂಜಿ ಇಲ್ಲದ ಕೈ. "ಮುಟ್ಟ."

ಚಪ್ಪಾಳೆ ತಟ್ಟಲಿಲ್ಲ. ತಲೆಯಾಡಿಸಿದೆ, ಬೇಡ ಎಂದು.

"ಮುಟ್ಟ?" ಮತ್ತೊಮ್ಮೆ. ನನ್ನ ಕೈಗಳನ್ನೇ ನೋಡಿದಳು, ಸದ್ದಿಗಾಗಿ ಕಾದಳು. ಕೈಗಳನ್ನು ಮಡಿಲಲ್ಲೇ ಇಟ್ಟುಕೊಂಡೆ. ಇಷ್ಟು ಕಷ್ಟದ ಕೆಲಸ ಇನ್ನೊಂದು ಮಾಡಿಲ್ಲ.

ಚಾಚಿದ ಕೈ ಮೆಲ್ಲಗೆ ಹಿಂದಕ್ಕೆ ಹೋಯಿತು. ಅದನ್ನು ಎದೆಗೆ ಒತ್ತಿಕೊಂಡು, ತನಗೆ ತಾನೇ ಎಂಬಂತೆ ಅಂದಳು: "ಬೇಡ."

ಎರಡನೇ ಮಾತು. ಕೇಳಿದವನು ನಾನೊಬ್ಬನೇ. ಯಾವ ವಿಂಡೋದಲ್ಲೂ ಅಲ್ಲ.

ರಮ್ಯಾಳನ್ನು ಎಬ್ಬಿಸಬೇಕು. ಒಂದು ನಿಮಿಷ. ಮೊದಲು ಕನ್ನಡಕ ತೆಗೆದು ಮಗಳ ಕೈಗೆ ಕೊಡುತ್ತೇನೆ, ಕೇಳದೆಯೇ. ಕೊಟ್ಟೆ. ಸಾಲು ಮಂಜಾಗುತ್ತಿದೆ, ಇನ್ನು ಬರೆಯೋಕೆ ಕಾಣ್ತಾ ಇ