ಕೈ ಎತ್ತದ ಮಗಳಿಗೆ

ನನ್ನ ಮೊಂಡಿ ಮಗಳೇ,

ನೀನು ಹಾಸ್ಟೆಲಿಗೆ ವಾಪಸು ಹೋಗಿ ಮೂರು ವಾರವಾಯಿತು. ಫೋನು ಎತ್ತುವುದಿಲ್ಲ. ಎತ್ತಿದರೂ "ಹೂಂ, ಊಟ ಆಯ್ತು" ಅಂತ ಇಟ್ಟುಬಿಡುತ್ತೀಯ. ಮುಖ ಊದಿಸಿಕೊಳ್ಳುವುದರಲ್ಲಿ ನೀನು ನಿಮ್ಮಪ್ಪನ ಮಗಳೇ ಸರಿ. ಅದಕ್ಕೇ ಬರೆಯುತ್ತಿದ್ದೇನೆ, ಕಾಗದವನ್ನು ನಡುವೆ ಕಟ್ ಮಾಡೋಕೆ ಬರಲ್ಲವಲ್ಲ.

ನೀನು ರಜೆಗೆ ಬಂದಿದ್ದಾಗ ಆ ಭಾನುವಾರ, ಚರ್ಚಿನ ಯುವಜನರ ಕೂಟದ ಕೊನೆಗೆ ಪಾಸ್ಟರು, "ಎಲ್ಲರೂ ಕಣ್ಣು ಮುಚ್ಚಿ, ಯಾರೂ ಯಾರನ್ನೂ ನೋಡಬೇಡಿ. ಯೇಸುವಿಗೆ ಹೃದಯ ಕೊಟ್ಟವರು ಕೈ ಎತ್ತಿ" ಅಂದರು. ಕಣ್ಣು ಮುಚ್ಚಿದ್ದವರು ಎಷ್ಟು ಜನವೋ ಆ ಕರ್ತನಿಗೇ ಗೊತ್ತು! ನೀನೊಬ್ಬಳೇ ಕೈ ಎತ್ತಲಿಲ್ಲ ಅನ್ನುವ ಸುದ್ದಿ ನಾವು ಬಾಗಿಲು ದಾಟುವಷ್ಟರಲ್ಲಿ ಇಡೀ ಸಭೆಗೆ ಹಬ್ಬಿತ್ತು. ಹಿಂದಿನ ಬೆಂಚಿನಲ್ಲಿದ್ದ ನಾನೂ ಬೆರಳ ಸಂದಿಯಿಂದ ನೋಡಿದ್ದೆ, ಸುಳ್ಳು ಯಾಕೆ ಹೇಳಲಿ.

ಮನೆಗೆ ಬಂದು ಎಗರಾಡಿದೆ. "ಎಲ್ಲರ ಜೊತೆ ಒಂದು ಕೈ ಎತ್ತಿದ್ರೆ ನಿನ್ನ ಗಂಟೇನು ಹೋಗ್ತಿತ್ತು? ನನ್ನ ಮಾನ ಮೂರು ಕಾಸಿಗೆ ಹರಾಜು ಹಾಕ್ದೆ" ಅಂದೆ. ನೀನು ಜಗಳಕ್ಕೆ ನಿಲ್ಲಲಿಲ್ಲ. "ಅಮ್ಮಾ, ನಂಗಿನ್ನೂ ಗೊತ್ತಿಲ್ಲ. ಗೊತ್ತಾದಾಗ ಎತ್ತುತ್ತೀನಿ. ಯೇಸುವಿನ ಮುಂದೇನೇ ಕೂತು ಆತನಿಗೇ ಸುಳ್ಳು ಹೇಳೋದು ಹೇಗಮ್ಮಾ?" ಅಂತ ಕೇಳಿದೆ. ಅದಕ್ಕೆ ನಾನು ಇನ್ನಷ್ಟು ಕೂಗಾಡಿದೆ.

ನೀನು ಹೋದ ಮರುದಿನ ಚರ್ಚಿನ ಹಾಡಿನ ಟೀಚರು ನಮ್ಮ ಟೈಲರ್ ಅಂಗಡಿಗೆ ಬಂದರು. ನೀನೂ ಸೇರಿ ಕ್ವಾಯರಿನಲ್ಲಿ ಹಾಡುವವರಿಗೆ ಹನ್ನೆರಡು ನಿಲುವಂಗಿ ಹೊಲಿಯೋಕೆ ನನಗೇ ಕೊಟ್ಟಿದ್ದರಲ್ಲ, "ಹನ್ನೊಂದು ಸಾಕು. ನಿಮ್ಮ ಮಗಳು ಮೊದಲು ಕೈ ಎತ್ತಲಿ, ಆಮೇಲೆ ನೋಡೋಣ" ಅಂದರು. ನಿನ್ನ ಅಳತೆಗೆ ಕತ್ತರಿಸಿ, ತೋಳಿಗೆ ಕಚ್ಚಾ ಹೊಲಿಗೆ ಹಾಕಿದ್ದ ಬಟ್ಟೆ ಮೇಜಿನ ಮೇಲೇ ಇತ್ತು. ನಾನು ಸುಮ್ಮನೆ ತಲೆಯಾಡಿಸಿಬಿಟ್ಟೆ ಕಣೇ. ನಿನ್ನ ಪರವಾಗಿ ಒಂದು ಮಾತೂ ಬಾಯಿಂದ ಹೊರಡಲಿಲ್ಲ. ಅವತ್ತಿನಿಂದ ನನಗೆ ಊಟ ಸೇರುತ್ತಿಲ್ಲ.

ಮೊನ್ನೆ ಬುಧವಾರ ಹೆಂಗಸರ ಪ್ರಾರ್ಥನೆಯಲ್ಲಿ ನಿನ್ನ ಸೋದರತ್ತೆ ಎದ್ದು ನಿಂತರು. "ನಮ್ಮ ಹುಡುಗಿ ದಾರಿ ತಪ್ಪಿದಾಳೆ, ಅವಳಿಗೋಸ್ಕರ ಪ್ರಾರ್ಥಿಸೋಣ, ಒಪ್ಪೋರು ಕೈ ಎತ್ತಿ" ಅಂದರು. ಎಲ್ಲರ ಕೈಯೂ ಮೇಲಕ್ಕೆ ಹೋಯಿತು. ನನ್ನದು ಮಡಿಲಲ್ಲೇ ಉಳಿಯಿತು. ಅಯ್ಯೋ, ಎದೆ ಹೇಗೆ ಹೊಡೆದುಕೊಳ್ಳುತ್ತಿತ್ತು ಗೊತ್ತಾ! ಪಕ್ಕದವಳು ಮೊಣಕೈಯಲ್ಲಿ ತಿವಿದಳು. "ನನ್ನ ಮಗಳು ದಾರಿ ತಪ್ಪಿಲ್ಲ, ದಾರಿ ಹುಡುಕ್ತಾ ಇದಾಳೆ" ಅಂದೆ. ಹದಿನೇಳು ವರ್ಷದ ನೀನು ಒಬ್ಬಳೇ ಇದನ್ನೆಲ್ಲ ತಡೆದುಕೊಂಡೆಯಲ್ಲ ಅನ್ನಿಸಿ ಸಂಕಟವಾಯಿತು.

ನಿನಗೆ ಯಾವತ್ತೂ ಹೇಳದ ಒಂದು ಮಾತಿದೆ. ನಿನ್ನ ವಯಸ್ಸಿನಲ್ಲಿ ನಾನೂ ಕೈ ಎತ್ತಿದ್ದೆ. ಗೆಳತಿಯರು ಎತ್ತಿದರು, ಎತ್ತಿದೆ. ಆಮೇಲೆ ಮೂವತ್ತು ವರ್ಷ ಎಲ್ಲರಿಗಿಂತ ಜೋರಾಗಿ ಹಾಡಿಕೊಂಡು ಬಂದೆ. ಇವತ್ತು ಬೆಳಿಗ್ಗೆ ಹೊಲಿಗೆ ಮಿಷನ್ನಿನ ಮುಂದೆ ಕೂತು, "ಯೇಸಪ್ಪಾ, ಅವತ್ತು ನನಗೂ ಗೊತ್ತಿರಲಿಲ್ಲ" ಅಂದುಬಿಟ್ಟೆ. ಅಳು ತಡೆಯಲಾಗಲಿಲ್ಲ. ಆತನ ಹತ್ತಿರ ನಾನು ಆಡಿದ ಮೊದಲ ನಿಜ ಅದು. ಆಡುವ ಧೈರ್ಯ ನಿನ್ನಿಂದ ಬಂತು.

ನನ್ನನ್ನು ಕ್ಷಮಿಸು ಮಗಳೇ. ನಿನಗೆ ಗೊತ್ತಾದ ದಿನ ಮೊದಲು ಆತನಿಗೆ ಹೇಳು, ಆಮೇಲೆ ನನಗೆ. ಗೊತ್ತಾಗದಿದ್ದರೂ ಫೋನು ಮಾಡು.

ಆತ ಅವಸರ ಮಾಡದೆ ನಿನ್ನ ಜೊತೆಜೊತೆಗೇ ನಡೆಯಲಿ.

ನಿನ್ನ ಹಿಂದೆ ನಿಧಾನವಾಗಿ ಬರುತ್ತಿರುವ,
ಅಮ್ಮ