ಹಲಗೆಯ ಮೇಲೆ ಗಾಳಿ

ಅಪ್ಪನಿಗೆ ಮೋನಮ್ಮನ ಶರಣು.

ನಾವು ಕಾಲೇಜಿನಲ್ಲಿ ಕಟ್ಟಿದ ರೇಸ್ ಕಾರು ಸಿದ್ಧವಾಗಿದೆ. ಎಂಜಿನ್ ಇರುವುದು ಓಡಿಸುವವರ ಬೆನ್ನ ಹಿಂದೆ. ಸ್ಟೇರಿಂಗ್ ಕಳಚಿಟ್ಟರೇ ಒಳಗೆ ಇಳಿಯಲು ಜಾಗ. ಹಿಂದೆ ವಿಮಾನದಂಥ ರೆಕ್ಕೆಯಿದೆ, ಆದರೆ ಬೋರಲಾಗಿ ಕೂಡಿಸಿದ್ದೇವೆ. ವೇಗ ಹೆಚ್ಚಿದಷ್ಟೂ ಗಾಳಿ ಕಾರನ್ನು ನೆಲಕ್ಕೆ ಒತ್ತುತ್ತದೆ.

ಶಹಾಪುರದ ನಮ್ಮ ಗದ್ದೆಗೆ ಕಾಲುವೆ ನೀರು ಬಂದಾಗ, ಮಣ್ಣು ಸಮ ಮಾಡುವ ಹಲಗೆಯ ಮೇಲೆ ಭಾರಕ್ಕೆಂದು ನಮ್ಮನ್ನು ಕೂಡಿಸುತ್ತಿದ್ದಿರಲ್ಲ, ಹಾಗೆ ಇಲ್ಲಿ ಗಾಳಿಯೇ ಬಂದು ಕೂಡುತ್ತದೆ ಅಪ್ಪಾ! ನೋಡುತ್ತ ನಿಂತರೆ ಊಟವೂ ನೆನಪಾಗುವುದಿಲ್ಲ.

ಆಗ ನೀವು, "ಇಳಿ ಮೋನವ್ವಾ, ನೀ ಭಾಳ ಹಗೂರ ಅದಿ" ಎಂದು ನನ್ನನ್ನು ಇಳಿಸಿ ಅಣ್ಣನನ್ನು ಹತ್ತಿಸುತ್ತಿದ್ದಿರಿ. ಈ ಕಾರಿಗೆ ಹಗುರ ಇದ್ದವರೇ ಬೇಕು. ಬರುವ ತಿಂಗಳ ಸ್ಪರ್ಧೆಯಲ್ಲಿ ಓಡಿಸುವವಳು ನಾನೇ.

ನೀವು ಬನ್ನಿ. ಅವ್ವನಿಗೆ ಸದ್ಯ ಗಾಳಿಯ ವಿಷಯವಷ್ಟೇ ಹೇಳಿ.

ಇಂತಿ,
ನೀವು ಹಲಗೆಯಿಂದ ಇಳಿಸಿದ ಮಗಳು,
ಮೋನಮ್ಮ